ಕರಿ ಮೂರು

ಸ್ಪೂಲಿನ ಡಬ್ಬಿಗೆ ಬೂಷ್ಟು ಹಿಡಿದಿತ್ತು.
ಮುಚ್ಚಳದ ಮೇಲೆ ನೀಲಿ ಶಾಯಿಯಲ್ಲಿ, ದುಂಡಗೆ:
‘ಫ್ರೆಂಚ್ ಸಂಗೀತ. ಪಿಯಾನೊ. ಮಾರ್ಚ್ ೮೨.
ಸ್ಕೂಲ್ ಹಾಲ್, ಹಾಸನ. ಫ್ಯಾನ್ ಆಫ್ ಮಾಡಿದೆ.’

ತಂದವರು ಲವೀನಾ, ಫ್ಲೇವಿಯಾ ಟೀಚರ ತಂಗಿಯ ಮಗಳು.
‘ದೊಡ್ಡಮ್ಮನ ವರ್ಷದ ಪೂಜೆ ಬರ್ತಿದೆ. ನೆಂಟರಿಗೆ
ಕೇಳಿಸಬೇಕು. ಗಲೀಜು ಶಬ್ದ ಎಲ್ಲ ತೆಗೆದುಬಿಡಿ.’
ಎಂಟುನೂರು ಅಂದೆ. ಚೌಕಾಸಿ ಮಾಡಲಿಲ್ಲ.

ನನ್ನದು ಕಟ್ಟಿನಕೆರೆ ಮಾರುಕಟ್ಟೆಯ ಹಿಂದಣ ಅಂಗಡಿ.
ರೇಡಿಯೊ ಸತ್ತಮೇಲೆ ಟೇಪು, ಟೇಪು ಸತ್ತಮೇಲೆ ಮಿಕ್ಸಿ,
ಮಿಕ್ಸಿಗಳ ನಡುವೆ ಯಾವಾಗಲೋ ಇಂಥದೊಂದು.
ಹತ್ತಿ, ಸ್ಪಿರಿಟ್ಟು, ಉಗುರಿನಷ್ಟು ತಾಳ್ಮೆ.
ಆಲೂಗಡ್ಡೆ ಲಾರಿಗಳು ಹೋದಮೇಲೆ ಷಟರ್ ಎಳೆದು
ಹಚ್ಚಿದೆ.

ಮೊದಲು ಕುರ್ಚಿಯ ಕಿರುಗು. ಒಂದು ಕೆಮ್ಮು.
ಆಮೇಲೆ ಶುರು. ಶುರು ಅನ್ನಲೂ ಆಗದು,
ಎಂದಿನಿಂದಲೋ ನುಡಿಯುತ್ತಿದ್ದ ಕೋಣೆಯ ಕದ
ಯಾರೋ ಈಗ ತೆರೆದ ಹಾಗೆ.
ಪಲ್ಲವಿ ಇಲ್ಲ. ಹಿಡಿಯಹೋದರೆ ತಾಳ
ಬೆರಳಸಂದಿಯಲ್ಲಿ ಸೋರಿಹೋಗುತ್ತದೆ.
ಕೆರೆಗೆ ಎಸೆದ ಕಲ್ಲು ಕಾಣದು, ಕೈಯೂ ಕಾಣದು,
ಬಳೆ ಬಳೆ ಬಳೆ, ನೀರಿನ ಬಳೆ ಮಾತ್ರ
ದಡಕ್ಕೆ ಬಂದು ಸುಮ್ಮನಾಗುತ್ತದೆ.
ಹೆಂಚಿನ ತೂತಿನಿಂದಿಳಿದ ಬಿಸಿಲ ಬಿಲ್ಲೆ
ಗೋಡೆಯ ಮೇಲೆ ನಡೆಯುತ್ತದಲ್ಲ,
ಜ್ವರದಲ್ಲಿ ಮಲಗಿದ ಹುಡುಗ ನೋಡುತ್ತಾನಲ್ಲ,
ಹಾಗೆ.

ಒಂದು ಮನೆ ಮಾತ್ರ ಮೂಕ.
ಬೆರಳು ಅಲ್ಲಿಗೆ ಬಂದಾಗಲೆಲ್ಲ ಸ್ವರವಿಲ್ಲ, ಟಕ್.
ಖಾಲಿ ಬೀರು ತಟ್ಟಿದಂತೆ, ಮರದ ಟಕ್.
ಸ್ಕೂಲಿನ ಪಿಯಾನೊ. ಇಲಿಯೋ ಗೆದ್ದಲೋ, ಯಾರು ಕೇಳಿದರು?
ಸಣ್ಣಯ್ಯಾಚಾರಿಯ ಹಾರ್ಮೋನಿಯಂ ಹೊತ್ತು ತಂದು
ಎಡದ ಸ್ವರ ಬಲದ ಸ್ವರ ಹೊಂದಿಸಿ ಹುಡುಕಿದೆವು.
‘ಕರಿ ಮೂರು’ ಅಂದ ಆಚಾರಿ, ಬೀಡಿ ಕಚ್ಚಿಕೊಂಡೇ.

ಸ್ಪೂಲಿನಲ್ಲಿ ಒಂದೇ ತುಣುಕು ಮೂರು ಸಲ.
ಮೊದಲ ಸಲ ಟಕ್ ಬಂದಲ್ಲೇ ನಿಲ್ಲಿಸಿ ನಕ್ಕಿದ್ದಾರೆ.
ಎರಡನೆಯ ಸಲ ಪಕ್ಕದ ಮನೆಗೆ ಹೋಗಿ
ಅಲ್ಲಿ ಒಗ್ಗದೆ, ‘ಛೆ’.
ಮೂರನೆಯದು ನಿಧಾನ. ಎಷ್ಟು ನಿಧಾನವೆಂದರೆ
ವೋಲ್ಟೇಜ್ ಇಳಿಯಿತೇ ಎಂದು ಬಲ್ಬು ನೋಡಿದೆ.
ಏರಿ ಏರಿ, ಕೊನೆಯ ಮೆಟ್ಟಿಲಿಗೆ ಕಾಲೆತ್ತಿ
ತಡೆದಿದ್ದಾರೆ. ಹೊರಗೆ ಸೈಕಲ್ ಗಂಟೆ. ಕಾಗೆ.
ಪೆಡಲು ಒತ್ತಿದ ಪಾದ ಹಾಗೇ.
ಟಕ್.
ಅದರ ಬೆನ್ನಿಗೇ, ದೂರದ ಸ್ಟೇಷನ್ನಿನಿಂದ
ಮೀಟರ್ ಗೇಜಿನ ಉಗಿಬಂಡಿಯ ಕೂಗು.
ಕರಿ ಮೂರು!
ಉದ್ದಕ್ಕೆ, ತುಸು ನಡುಗುತ್ತ, ಕಡೆಗೆ ಬಾಗುತ್ತ.
ಆ ಕೂಗಿನ ಕೆಳಗೆ ಟೀಚರ್ ಉಳಿದ ಸ್ವರಗಳನ್ನು
ಮಗು ಮಲಗಿದ ಕೋಣೆಯಲ್ಲಿ ಹೆಜ್ಜೆಯಿಡುವಂತೆ
ಇಟ್ಟು ಹೋಗಿದ್ದಾರೆ.

ಬಂಡಿಯ ಹೊತ್ತು ನೋಡಿಕೊಂಡು ಕಾದರೇ?
ಇಪ್ಪತ್ತು ವರ್ಷ ಅದೇ ಹಾಲಿನಲ್ಲಿ ಪಾಠ ಹೇಳಿದ ಕಿವಿ.
ಆದರೆ ನಮ್ಮ ಕಡೆ ಬಂಡಿ ಹೊತ್ತಿಗೆ ಬಂದದ್ದುಂಟೇ?

ಕೆಮ್ಮು ತೆಗೆದೆ. ಕಾಗೆ ತೆಗೆದೆ. ಸೈಕಲ್ಲನ್ನೂ.
ಕೂಗು ಪರದೆಯ ಮೇಲೊಂದು ಹಸಿರು ಗೆರೆ;
ಅಳಿಸಿ ಕೇಳಿದೆ. ಊಟಕ್ಕೆ ಕೂತವರ ಮುಂದಿನ
ಎಲೆ ಎತ್ತಿದ ಹಾಗಿತ್ತು. ಮತ್ತೆ ಹಾಕಿದೆ.

‘ಎಲ್ಲ ಚೆನ್ನಾಗಿದೆ, ಆ ರೈಲೊಂದು ಉಳಿದಿದೆಯಲ್ಲ.’
‘ಹೋಗಲಿಲ್ಲ ಮೇಡಂ. ಒಳಗೆ ಸೇರಿಬಿಟ್ಟಿದೆ.’
ಅರ್ಧ ಸುಳ್ಳು.
ನೂರು ಹಿಡಿದು ಏಳುನೂರು ಕೊಟ್ಟರು.

ಸಂಜೆ ಆಚಾರಿ ಹಾರ್ಮೋನಿಯಂ ಕೇಳಿ ಬಂದ, ಭಜನೆಯಿದೆಯಂತೆ.
ಎತ್ತಿ ಕೊಡುವ ಮುಂಚೆ
ತಿದಿ ಎಳೆಯದೆ, ಆ ಮನೆಯನ್ನೊಮ್ಮೆ ಒತ್ತಿದೆ.
ಟಕ್.